ಇಟಾಲಿಯನ್ ವ್ಯಾಕರಣದ ಮೊದಲ ಪಾಠಗಳು ಮತ್ತು ಮಧ್ಯಸ್ಥ ಭಾಷೆಯ ಚರಿತ್ರೆ: ಧಾರವಾಡದಿಂದ ಒಂದು ಓದು

ಹುಬ್ಬಳ್ಳಿ-ಧಾರವಾಡದ ಕನ್ನಡ ವಿದ್ಯಾರ್ಥಿಗಳು ಇಟಾಲಿಯನ್ ಕಲಿಯಲು ತೊಡಗಿದರೆ ಅವರ ಕೈಗೆ ಬರುವ ಆರಂಭಿಕ ವ್ಯಾಕರಣ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಬರೆದದ್ದು. ಅದರ ಮೊದಲ ಅಧ್ಯಾಯಗಳಲ್ಲಿ ನಾಲ್ಕು ಎಚ್ಚರಿಕೆಗಳು ತಪ್ಪದೆ ಬರುತ್ತವೆ: ಕರ್ತೃಪದವನ್ನು ಹೇಳದೆಯೂ ವಾಕ್ಯ ಪೂರ್ಣವಾಗುತ್ತದೆ; ಕ್ರಿಯಾಪದದ ಕೊನೆ ಪುರುಷ-ವಚನಗಳಿಗೆ ತಕ್ಕಂತೆ ಬದಲಾಗುತ್ತದೆ; ‘ಇಷ್ಟಪಡು’ ಎಂಬರ್ಥದ ಕ್ರಿಯಾಪದ ‘ತಲೆಕೆಳಗಾಗಿ’ ನಡೆಯುತ್ತದೆ; ಜೋಡಿ ವ್ಯಂಜನಗಳನ್ನು ನಿಜವಾಗಿಯೂ ಜೋಡಿಯಾಗಿ ಉಚ್ಚರಿಸಬೇಕು. ನಾಲ್ಕೂ ಇಂಗ್ಲಿಷ್ ಮಾತೃಭಾಷಿಕರಿಗಾಗಿ ಬರೆದ ಎಚ್ಚರಿಕೆಗಳು. ಕನ್ನಡಿಗರಿಗೆ ಇವುಗಳಲ್ಲಿ ಒಂದೂ ಹೊಸದಲ್ಲ. ಅವರಿಗೆ ನಿಜವಾಗಿ ಬೇಕಾದ ಎಚ್ಚರಿಕೆಗಳು ಬೇರೆ. ಅವು ಅಂಥ ಪುಸ್ತಕಗಳಲ್ಲಿ ಒಂದೋ ಅಡಿಟಿಪ್ಪಣಿಯಲ್ಲಿರುತ್ತವೆ, ಇಲ್ಲವೇ ಇರುವುದೇ ಇಲ್ಲ.

ಇದನ್ನು ಪಠ್ಯಪುಸ್ತಕಗಳ ಕೊರತೆಯೆಂದು ಮಾತ್ರ ನೋಡಿದರೆ ಸಾಲದೆಂಬುದು ನಮ್ಮ ವಾದ. ಇಟಲಿ ಮತ್ತು ಕನ್ನಡನಾಡುಗಳ ನಡುವೆ ನಾಲ್ಕು ಶತಮಾನಗಳಿಗೂ ಮೀರಿದ ಸಂಪರ್ಕವಿದೆ. ಆದರೆ ಆ ಸಂಪರ್ಕದಲ್ಲಿ ವ್ಯಾಕರಣವು ಒಂದು ಭಾಷೆಯಿಂದ ಇನ್ನೊಂದಕ್ಕೆ ನೇರವಾಗಿ ದಾಟಿದ್ದು ಬಹಳ ಅಪರೂಪ. ಲ್ಯಾಟಿನ್, ಪೋರ್ಚುಗೀಸ್, ಇಂಗ್ಲಿಷ್, ನಮ್ಮ ಕಡೆಯಿಂದ ಸಂಸ್ಕೃತ: ಯಾವುದಾದರೊಂದು ಮೂರನೆಯ ಭಾಷೆ ನಡುವೆ ನಿಂತು ಯಾವುದು ಸಹಜ, ಯಾವುದು ವಿಚಿತ್ರ ಎಂಬುದನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಮೊದಲು ಆ ಚರಿತ್ರೆಯ ಕೆಲವು ಘಟ್ಟಗಳನ್ನು ನೋಡಿ, ಅನಂತರ ಇಟಾಲಿಯನ್ನಿನ ಮೊದಲ ಪಾಠಗಳನ್ನು ಧಾರವಾಡದ ಮಾತಿನ ನೆಲೆಯಿಂದ ಓದುತ್ತೇವೆ.

ಬಂದವರು ಕಂಡದ್ದು

ಫ್ಲಾರೆನ್ಸಿನ ವರ್ತಕ ಫಿಲಿಪ್ಪೊ ಸಸ್ಸೆತ್ತಿ 1583ರಲ್ಲಿ ಕೊಚ್ಚಿಗೆ ಬಂದಿಳಿದ; 1588ರಲ್ಲಿ ಗೋವೆಯಲ್ಲಿ ತೀರಿಕೊಂಡ. ಈ ಐದು ವರ್ಷಗಳಲ್ಲಿ ಊರಿಗೆ ಬರೆದ ಪತ್ರಗಳಲ್ಲಿ ಆತ ಸಂಸ್ಕೃತಕ್ಕೂ ತನ್ನ ಭಾಷೆಗೂ ಹೋಲುವ ಕೆಲವು ಪದಗಳನ್ನು ಪಟ್ಟಿಮಾಡಿದ. ದೇವನಿಗೆ ‘ದೀಯೊ’, ಸರ್ಪಕ್ಕೆ ‘ಸೆರ್ಪೆ’; ಆರರಿಂದ ಒಂಬತ್ತರವರೆಗಿನ ಸಂಖ್ಯೆಗಳಿಗೆ ‘ಸೇಯ್, ಸೆತ್ತೆ, ಒತ್ತೊ, ನೋವೆ’. ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಪ್ರಸಿದ್ಧ ಭಾಷಣಕ್ಕೆ ಇನ್ನೂ ಎರಡು ಶತಮಾನವಿತ್ತು. ಸಸ್ಸೆತ್ತಿಯ ಪತ್ರಗಳು ಒಟ್ಟಾಗಿ ಅಚ್ಚಾದದ್ದು 1855ರಲ್ಲಿ. ಅಷ್ಟು ಹೊತ್ತಿಗೆ ತೌಲನಿಕ ಭಾಷಾವಿಜ್ಞಾನ ಅವನ ನೆರವಿಲ್ಲದೆಯೇ ಬೆಳೆದು ನಿಂತಿತ್ತು.

ಕನ್ನಡ ಓದುಗರಿಗೆ ಈ ಪಟ್ಟಿ ಎರಡು ಬಗೆಯಾಗಿ ಕಾಣುತ್ತದೆ. ಆರು, ಏಳು, ಎಂಟು, ಒಂಬತ್ತುಗಳಿಗೂ ಇಟಾಲಿಯನ್ ಸಂಖ್ಯೆಗಳಿಗೂ ಯಾವ ನಂಟೂ ಇಲ್ಲ. ಆದರೆ ಪಂಚಾಂಗ ನೋಡುವ ಯಾರಿಗೂ ಷಷ್ಠಿ, ಸಪ್ತಮಿ, ಅಷ್ಟಮಿ, ನವಮಿಗಳ ಮೂಲಕ ಆ ನಂಟು ಕ್ಷಣದಲ್ಲಿ ಹೊಳೆಯುತ್ತದೆ. ಧ್ವನಿ ಬದಲಾವಣೆಯ ದಾರಿಯೂ ನಮಗೆ ಪರಿಚಿತವೇ. ಲ್ಯಾಟಿನ್ನಿನ ‘ಸೆಪ್ಟೆಮ್’ ಇಟಾಲಿಯನ್ನಿನಲ್ಲಿ ‘ಸೆತ್ತೆ’ಯಾದಂತೆಯೇ ಸಂಸ್ಕೃತದ ‘ಸಪ್ತ’ ಪ್ರಾಕೃತದಲ್ಲಿ ‘ಸತ್ತ’ವಾಯಿತು. ಬೇರೆಬೇರೆ ನೆಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ವಿಜಾತೀಯ ಒತ್ತಕ್ಷರ ಸಜಾತೀಯವಾಯಿತು. ತತ್ಸಮ-ತದ್ಭವಗಳ ಪಾಠ ಓದಿದವರಿಗೆ ಲ್ಯಾಟಿನ್-ಇಟಾಲಿಯನ್ ಸಂಬಂಧ ಬಿಡಿಸಿ ಹೇಳಬೇಕಾದ ವಿಷಯವೇ ಅಲ್ಲ. ಇಂಗ್ಲಿಷಿನ ಮೂಲಕ ಬರುವ ಪುಸ್ತಕ ಈ ಒಂದು ಸೌಲಭ್ಯವನ್ನೂ ಬಳಸಿಕೊಳ್ಳುವುದಿಲ್ಲ.

ಸಸ್ಸೆತ್ತಿಯ ನಂತರ ಬಂದವನು ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ. ಪರ್ಶಿಯಾದಲ್ಲಿದ್ದಾಗ ಟರ್ಕಿ ಭಾಷೆಯ ವ್ಯಾಕರಣವೊಂದನ್ನು ಬರೆದಿದ್ದವನು. ಎಂದರೆ ಭಾಷೆ ಕಲಿಯುವುದು ಹೇಗೆಂದು ಬಲ್ಲವನು. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ, ಅಲ್ಲಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ಆ ದಾರಿಯಲ್ಲಿ ಗುಡಿಯೊಂದರ ಮುಂಭಾಗದಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದುದನ್ನು ಆತ ವಿವರವಾಗಿ ಬರೆದಿದ್ದಾನೆ. ಒಬ್ಬ ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕಿಯನ್ನು ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹರಡುವರು. ಗುರುವಿಲ್ಲದೆ ಒಬ್ಬರಿಗೊಬ್ಬರು ಕಲಿಸಿಕೊಳ್ಳುವ ಈ ಕ್ರಮವನ್ನು ಆತ ಮೆಚ್ಚಿಕೊಂಡ.

ದೆಲ್ಲ ವಾಲ್ಲೆ ಕಂಡದ್ದು ಲೆಕ್ಕದ ಪಾಠವನ್ನಾದರೂ ಅದರ ಕ್ರಮ ವ್ಯಾಕರಣದ ಪಾಠದ್ದೂ ಹೌದು. ಸೂತ್ರವನ್ನು ರಾಗವಾಗಿ ಹೇಳಿ, ಕೈಯಿಂದ ತಿದ್ದಿ, ಬಾಯಿಪಾಠ ಮಾಡುವ ಪದ್ಧತಿ ನಮ್ಮ ಕಾಗುಣಿತದಲ್ಲಿಯೂ ವಿಭಕ್ತಿಪ್ರತ್ಯಯಗಳ ಕಂಠಪಾಠದಲ್ಲಿಯೂ ಮುಂದುವರಿಯಿತು. ಅವನ ಪ್ರವಾಸದ ಪತ್ರಗಳನ್ನು ಮೂಲದಲ್ಲಿ ಓದಬೇಕೆಂಬ ಆಸೆಯೇ ನಮ್ಮನ್ನು ಇಟಾಲಿಯನ್ ವ್ಯಾಕರಣದ ಕಡೆಗೆ ಎಳೆದದ್ದು. ಆದ್ದರಿಂದ ಅವನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೇವೆ.

ಅದೇ ಶತಮಾನದ ನಡುವಿನಲ್ಲಿ ನೇಪಲ್ಸಿನ ಜೆಸುಯಿಟ್ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನನ್ನು ಕಟ್ಟಿದ. ಕನ್ನಡ ಕಲಿತು ಧರ್ಮಬೋಧೆಯ ಪುಸ್ತಕಗಳ ಜೊತೆಗೆ ವ್ಯಾಕರಣ, ನಿಘಂಟುಗಳನ್ನೂ ಸಿದ್ಧಪಡಿಸಿದನೆಂದು ಜೆಸುಯಿಟ್ ಚರಿತ್ರೆಕಾರರು ದಾಖಲಿಸಿದ್ದಾರೆ. ಇಟಾಲಿಯನ್ ಮಾತೃಭಾಷೆಯವನೊಬ್ಬ ಕನ್ನಡಕ್ಕೆ ಬರೆದ ಆ ವ್ಯಾಕರಣ ಅಚ್ಚಿನ ಮನೆ ಸೇರಲಿಲ್ಲ. ಅಚ್ಚಾದದ್ದು ಇನ್ನೊಂದು: ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ ಪೋರ್ಚುಗೀಸಿನಲ್ಲಿ ಬರೆದ, 1640ರಲ್ಲಿ ರಾಯ್ತೂರಿನಲ್ಲಿ ಮುದ್ರಣವಾದ ‘ಕಾನಾರಿಂ’ ಭಾಷೆಯ ವ್ಯಾಕರಣ. ಹೆಸರು ನೋಡಿ ಕನ್ನಡದ್ದೆಂದು ಭ್ರಮಿಸುವ ಓದುಗರು ಇಂದಿಗೂ ಸಿಗುತ್ತಾರೆ; ಅದು ಕೊಂಕಣಿಯ ವ್ಯಾಕರಣ. ಒಂದು ಭಾಷೆಯ ಹೆಸರು ಪಕ್ಕದ ಭಾಷೆಗೆ ಅಂಟಿಕೊಂಡದ್ದಕ್ಕೂ ಮಧ್ಯಸ್ಥ ಭಾಷೆಯೇ ಕಾರಣ. ಕರಾವಳಿಯ ಜನರನ್ನೆಲ್ಲ ಪೋರ್ಚುಗೀಸರು ಕರೆದ ಹೆಸರು ವ್ಯಾಕರಣದ ಶೀರ್ಷಿಕೆಯಾಯಿತು.

ಎರಡು ಚೌಕಟ್ಟುಗಳು

ಚೌಕಟ್ಟಿನ ಹಂಗು ನಮಗೆ ಮಾತ್ರ ಇದ್ದದ್ದಲ್ಲ. ಇಟಾಲಿಯನ್ನಿನ ಮೊದಲ ವ್ಯಾಕರಣಗಳೂ ಲ್ಯಾಟಿನ್ನಿನ ಅಳತೆಗೋಲಿನಿಂದಲೇ ಹುಟ್ಟಿದವು. ಲಿಯೋನ್ ಬತ್ತಿಸ್ತ ಅಲ್ಬೆರ್ತಿ ಸುಮಾರು 1440ರಲ್ಲಿ ಟಸ್ಕನ್ ಮಾತಿಗೂ ನಿಯಮವಿದೆಯೆಂದು ತೋರಿಸಲು ಪುಟ್ಟದೊಂದು ವ್ಯಾಕರಣ ಬರೆದ. ಅದು ಅಚ್ಚಾದದ್ದು 1908ರಲ್ಲಿ. ಟಸ್ಕನ್ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿಲ್ಲ. ಆದರೂ ಆತ ಆರ್ಟಿಕಲ್ ಮತ್ತು ಪ್ರಿಪೊಸಿಷನ್‌ಗಳನ್ನು ಲ್ಯಾಟಿನ್ನಿನ ಆರು ವಿಭಕ್ತಿಗಳ ಸಾಲಿನಲ್ಲಿಯೇ ಜೋಡಿಸಿದ. ಮುಂದಿನವರು ‘ದಿ, ಅ, ದ’ಗಳಿಗೆ ‘ಸೆಞ್ಞಕಾಸೊ’, ಎಂದರೆ ವಿಭಕ್ತಿಯ ಗುರುತು, ಎಂದೇ ಹೆಸರಿಟ್ಟರು. ಇಲ್ಲದ ವಿಭಕ್ತಿಗೆ ಗುರುತು ಮಾತ್ರ ಉಳಿಯಿತು. ನಮ್ಮ ಶಾಲೆಗಳಲ್ಲಿ ಮಕ್ಕಳು ಇಂದಿಗೂ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ಒಪ್ಪಿಸುತ್ತಾರೆ. ಆ ಐದನೆಯದನ್ನು ಯಾವ ಮಗುವೂ ಮನೆಯಲ್ಲಿ ಆಡಿದ್ದಿಲ್ಲ. ಸಂಸ್ಕೃತದ ಏಳರ ಲೆಕ್ಕ ತುಂಬಲು ಅದು ಬೇಕಾಯಿತು. ಅಲ್ಬೆರ್ತಿಯ ಆರು ಮತ್ತು ನಮ್ಮ ಏಳು ಒಂದೇ ರೋಗದ ಎರಡು ಲಕ್ಷಣಗಳು.

ಇಲ್ಲೊಂದು ಮುಖ್ಯ ವ್ಯತ್ಯಾಸವನ್ನೂ ಹೇಳಬೇಕು. ಮೊದಲ ಬಾರಿಗೆ ಅಚ್ಚಾದ ಇಟಾಲಿಯನ್ ವ್ಯಾಕರಣ ಜೊವಾನ್ನಿ ಫ್ರಂಚೆಸ್ಕೊ ಫೊರ್ತೂನ್ಯೊನದು, 1516ರಲ್ಲಿ ಅಂಕೋನದಲ್ಲಿ. ಮಾದರಿಯನ್ನು ಸ್ಥಿರಗೊಳಿಸಿದ್ದು 1525ರ ಪಿಯೆತ್ರೊ ಬೆಂಬೊನ ಗ್ರಂಥ. ಇಬ್ಬರೂ ಟಸ್ಕನಿಯವರಲ್ಲ; ಬೆಂಬೊ ವೆನಿಸಿನವನು. ದಾಂತೆ, ಪೆತ್ರಾರ್ಕ, ಬೊಕ್ಕಾಚ್ಚೊರ ಪುಸ್ತಕಗಳಿಂದ ಆ ಭಾಷೆಯನ್ನು ಕಲಿತವರು. ಎಂದರೆ ಇಟಾಲಿಯನ್ ವ್ಯಾಕರಣವು ಹುಟ್ಟಿನಿಂದಲೇ ಕಲಿಯುವವರ ವ್ಯಾಕರಣ. 1861ರಲ್ಲಿ ಇಟಲಿ ಒಂದಾದಾಗ ಈ ಭಾಷೆಯನ್ನು ಆಡಬಲ್ಲವರು ನೂರಕ್ಕೆ ಎರಡೂವರೆಯಷ್ಟಿದ್ದರೆಂದು ತುಲ್ಲಿಯೊ ದೆ ಮೌರೊ ಅಂದಾಜು ಮಾಡಿದ್ದನ್ನು ನೆನೆದರೆ, ಅಲ್ಲಿನ ಬಹುಪಾಲು ಜನರೂ ಬಹುಕಾಲ ನಮ್ಮಂತೆಯೇ ಮೊದಲ ಪಾಠದ ವಿದ್ಯಾರ್ಥಿಗಳಾಗಿದ್ದರು.

ಕನ್ನಡದ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿಯೇ ಕನ್ನಡದ ತಿರುಳಿನ ನಾಡನ್ನು ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸಿತ್ತು. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಪುಲಿಗೆರೆ ಹುಬ್ಬಳ್ಳಿಗೆ ಹತ್ತಿರದ ಊರು. ಫ್ಲಾರೆನ್ಸಿನ ಮಾತು ಮಾದರಿಯಾಗಿ ಉಳಿಯಿತು. ಪುಲಿಗೆರೆಯ ಸುತ್ತಿನ ಮಾತು ಇಂದು ಪಠ್ಯಪುಸ್ತಕದ ಹೊರಗಿದೆ. ಈ ಅಂಶ ಮುಂದೆ ಮತ್ತೆ ಬರುತ್ತದೆ, ಏಕೆಂದರೆ ಇಟಾಲಿಯನ್ ಕಲಿಯಲು ಶಿಷ್ಟ ಕನ್ನಡಕ್ಕಿಂತ ಧಾರವಾಡದ ಆಡುಮಾತು ಕೆಲವೆಡೆ ಹೆಚ್ಚು ನೆರವಾಗುತ್ತದೆ.

ಕನ್ನಡದ ಕಡೆಯಿಂದ ಚೌಕಟ್ಟಿನ ಇನ್ನೊಂದು ತುದಿಯಲ್ಲಿ ಭಟ್ಟಾಕಳಂಕನಿದ್ದಾನೆ. 1604ರ ಅವನ ‘ಕರ್ಣಾಟಕ ಶಬ್ದಾನುಶಾಸನ’ ಕನ್ನಡದ ವ್ಯಾಕರಣವೇ ಆದರೂ 592 ಸೂತ್ರಗಳೂ ಸಂಸ್ಕೃತದಲ್ಲಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇರಿ ಸೆರಾಂಪುರದಿಂದ 1817ರಲ್ಲಿ, ಮೆಕೆರೆಲ್ ಮದ್ರಾಸಿನಿಂದ 1820ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣಗಳನ್ನು ತಂದರು. ಧಾರವಾಡ ಮತ್ತು ಹುಬ್ಬಳ್ಳಿಗಳಲ್ಲಿ 1830ರ ದಶಕದ ಕೊನೆಗೆ ನೆಲೆಯೂರಿದ ಬಾಸೆಲ್ ಮಿಶನ್ನಿನವರಿಗೆ ಮನೆಯ ಭಾಷೆ ಜರ್ಮನ್, ಓದಿದ್ದು ಲ್ಯಾಟಿನ್, ಬರೆಯಬೇಕಾದದ್ದು ಇಂಗ್ಲಿಷ್. ಆ ಪರಂಪರೆಯಲ್ಲಿ ಫರ್ಡಿನಂಡ್ ಕಿಟ್ಟೆಲ್ ಎದ್ದು ಕಾಣುವುದು ಒಂದು ಕಾರಣಕ್ಕೆ. 1853ರಲ್ಲಿ ಬಂದ ಆತ 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ, 1894ರ ನಿಘಂಟಿನ ನಂತರ 1903ರಲ್ಲಿ ಹೊರಬಂದ ತನ್ನ ಇಂಗ್ಲಿಷ್ ವ್ಯಾಕರಣವನ್ನು ಕೇಶಿರಾಜನ ಬುನಾದಿಯ ಮೇಲೆಯೇ ಕಟ್ಟಿದ. ಬರೆಯುವ ಭಾಷೆ ಮೂರನೆಯದಾದರೂ ವರ್ಗೀಕರಣವನ್ನು ಆಯಾ ಭಾಷೆಯ ಒಳಗಿನಿಂದ ತೆಗೆದುಕೊಳ್ಳಬಹುದೆಂಬುದಕ್ಕೆ ಇದು ನಮ್ಮ ನೆಲದ ನಿದರ್ಶನ. ಇಟಾಲಿಯನ್ನನ್ನು ಕನ್ನಡಕ್ಕೆ ತರುವವರು ಈ ಕ್ರಮವನ್ನು ತಿರುಗಿಸಿ ನೋಡಬೇಕು.

ಮೊದಲ ಪಾಠಗಳು, ಮರುಓದಿನಲ್ಲಿ

ಧ್ವನಿಯಿಂದ ಆರಂಭಿಸೋಣ. ‘ಪಾಲ’ ಎಂದರೆ ಸಲಿಕೆ, ‘ಪಲ್ಲ’ ಎಂದರೆ ಚೆಂಡು. ‘ನೋನೊ’ ಒಂಬತ್ತನೆಯದು, ‘ನೊನ್ನೊ’ ಅಜ್ಜ. ಕತೆ-ಕತ್ತೆ, ಬಲೆ-ಬಲ್ಲೆಗಳ ಭೇದವನ್ನು ಎಳವೆಯಿಂದ ಕೇಳಿದ ಕಿವಿಗೆ ಇದರಲ್ಲಿ ಕಲಿಯುವಂಥದ್ದೇನೂ ಇಲ್ಲ. ಇಂಗ್ಲಿಷಿನಲ್ಲಿ ಜೋಡಿ ಅಕ್ಷರ ಸಾಮಾನ್ಯವಾಗಿ ಕಾಗುಣಿತದ ಸಂಗತಿ, ಉಚ್ಚಾರಣೆಯದಲ್ಲ. ಆದ್ದರಿಂದ ಇಂಗ್ಲಿಷಿನ ಮೂಲಕ ಬಂದ ನಮ್ಮವರು ತಮ್ಮ ಬಾಯಲ್ಲೇ ಇರುವ ದ್ವಿತ್ವವನ್ನು ಮರೆತು ಓದುತ್ತಾರೆ. ಮೇಲಿನ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಇನ್ನೊಂದು ಸಂಗತಿ ತಾನಾಗಿ ಬೆಳಕಿಗೆ ಬಂದಿದೆ: ಒಂಟಿ ವ್ಯಂಜನದ ಮುಂದಿನ ಸ್ವರಾಘಾತದ ಸ್ವರ ದೀರ್ಘ, ಜೋಡಿ ವ್ಯಂಜನದ ಮುಂದೆ ಹ್ರಸ್ವ. ಇಟಾಲಿಯನ್ನಿನಲ್ಲಿ ಈ ದೀರ್ಘತೆ ಅರ್ಥಭೇದಕವಲ್ಲ, ಆದ್ದರಿಂದ ಅವರ ಬರವಣಿಗೆ ಅದನ್ನು ತೋರಿಸುವುದಿಲ್ಲ. ನಮ್ಮ ಲಿಪಿ ತೋರಿಸದೆ ಬಿಡುವುದಿಲ್ಲ.

ಪದಗಳ ಗಡಿಯಲ್ಲಿಯೂ ದ್ವಿತ್ವ ಬರುತ್ತದೆ. ‘ಅ’ ಮತ್ತು ‘ಕಾಸ’ ಸೇರಿದರೆ ಫ್ಲಾರೆನ್ಸ್ ಮತ್ತು ರೋಮುಗಳಲ್ಲಿ ‘ಅಕ್ಕಾಸ’ ಎಂದೇ ಕೇಳಿಸುತ್ತದೆ. ‘ದ’ ಮತ್ತು ‘ವೇರೊ’ ಸೇರಿದ ‘ದವ್ವೇರೊ’ದಲ್ಲಿ ಬರವಣಿಗೆಯೂ ಅದನ್ನು ಒಪ್ಪಿಕೊಂಡಿದೆ. ಉತ್ತರ ಇಟಲಿಯ ಉಚ್ಚಾರಣೆಯಲ್ಲಿ ಪದಗಳ ಗಡಿಯ ಈ ದ್ವಿತ್ವ ಇಲ್ಲ. ಆರಂಭಿಕ ಪುಸ್ತಕಗಳು ಇದನ್ನು ಮುಂದುವರಿದ ವಿದ್ಯಾರ್ಥಿಗಳಿಗೆಂದು ಬದಿಗಿಡುತ್ತವೆ. ನಮಗೆ ಇದು ಸಂಧಿಪ್ರಕರಣ. ಮೊದಲ ವಾರದ ಪಾಠ.

ನಮಗೆ ನಿಜವಾಗಿ ಕಷ್ಟವಾಗುವ ಧ್ವನಿ ಬೇರೆ. ‘ಪೆಸ್ಕ’ ಎಂಬುದು ಎ-ಕಾರವನ್ನು ಬಾಯಿ ತೆರೆದು ಹೇಳಿದರೆ ಪೀಚ್ ಹಣ್ಣು, ಮುಚ್ಚಿ ಹೇಳಿದರೆ ಮೀನುಗಾರಿಕೆ. ನಮ್ಮ ಎ-ಏ, ಒ-ಓಗಳ ಭೇದ ಮಾತ್ರೆಯದು. ಅವರದು ಬಾಯಿಯ ತೆರವಿನದು. ತ್ರಿಸ್ಸಿನೊ 1524ರಲ್ಲಿ ಈ ಭೇದವನ್ನು ಬರೆಯಲು ಗ್ರೀಕ್ ಅಕ್ಷರಗಳನ್ನು ಸೇರಿಸಬೇಕೆಂದು ಸೂಚಿಸಿದ, ಯಾರೂ ಕೇಳಲಿಲ್ಲ. ಎರಡು ಶತಮಾನಗಳ ನಂತರ ಇನ್ನೊಬ್ಬ ಇಟಾಲಿಯನ್, ಜೆಸುಯಿಟ್ ಕೊನ್ಸ್ತಾಂತ್ಸೊ ಬೆಸ್ಕಿ, ತಮಿಳು ಲಿಪಿಯಲ್ಲಿ ಹ್ರಸ್ವ ಮತ್ತು ದೀರ್ಘ ಎ-ಒಗಳನ್ನು ಬೇರ್ಪಡಿಸುವ ಗುರುತುಗಳನ್ನು ತಂದನೆಂದು ಪರಂಪರೆ ಹೇಳುತ್ತದೆ, ಅದು ನಿಂತಿತು. ತನ್ನ ಊರಿನ ಭಾಷೆಯಲ್ಲಿ ಸಾಗದ ಸುಧಾರಣೆ ಪರನಾಡಿನಲ್ಲಿ ಅದೇ ಎರಡು ಸ್ವರಗಳ ಮೇಲೆ ಸಾಗಿದ್ದು ಲಿಪಿಚರಿತ್ರೆಯ ಒಂದು ಸೋಜಿಗ.

ಕ್ರಿಯಾಪದಕ್ಕೆ ಬಂದರೆ ‘ಪರ್ಲೊ, ಪರ್ಲಿ, ಪರ್ಲ, ಪರ್ಲ್ಯಾಮೊ, ಪರ್ಲಾತೆ, ಪರ್ಲನೊ’ ಎಂಬ ಸಾಲು ಆಖ್ಯಾತಪ್ರತ್ಯಯಗಳ ಪಟ್ಟಿಯಷ್ಟೆ. ಕರ್ತೃಪದ ಬಿಡುವುದು ಹೇಗೆಂದು ಅರ್ಧ ಅಧ್ಯಾಯ ಓದುವುದು ನಮಗೆ ವ್ಯರ್ಥ. ‘ಮಿ ಪ್ಯಾಚೆ ಇಲ್ ಲೀಬ್ರೊ’ ಎಂದರೆ ‘ನನಗೆ ಪುಸ್ತಕ ಇಷ್ಟವಾಗುತ್ತದೆ’: ಚತುರ್ಥಿಯಲ್ಲಿ ಅನುಭವಿಸುವವರು, ಪ್ರಥಮೆಯಲ್ಲಿ ವಸ್ತು, ವಸ್ತುವಿಗೆ ಹೊಂದುವ ಕ್ರಿಯಾಪದ. ಪುಸ್ತಕಗಳು ಹಲವಾದರೆ ‘ಮಿ ಪ್ಯಚ್ಚೊನೊ’. ಇದನ್ನು ‘ತಲೆಕೆಳಗಾದ ರಚನೆ’ ಎಂದು ಕರೆಯುವ ಪುಸ್ತಕವನ್ನು ಓದುವ ಕನ್ನಡಿಗರು ತಮ್ಮ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಅನಂತರ ಇಟಾಲಿಯನ್ನಿಗೆ ಮತ್ತೆ ತಿರುಗಿಸಬೇಕಾಗುತ್ತದೆ. ಎರಡು ಸಲ ತಿರುಗಿಸಿದ ಮೇಲೆ ಮೊದಲು ನಿಂತಿದ್ದಲ್ಲಿಗೇ ಬರುತ್ತಾರೆ, ದಣಿದು.

ಹಾಗೆಂದು ಚತುರ್ಥಿ ಎಲ್ಲ ಕಡೆ ಕೈಹಿಡಿಯುವುದಿಲ್ಲ. ‘ನನಗ ಹಸಿವಾಗೇದ’ ಎಂಬುದಕ್ಕೆ ಇಟಾಲಿಯನ್ ‘ಒ ಫ್ಫಾಮೆ’ ಎನ್ನುತ್ತದೆ: ಹಸಿವನ್ನು ಉಳ್ಳವನಾಗಿದ್ದೇನೆ. ಚಳಿ, ಬಾಯಾರಿಕೆ, ನಿದ್ದೆ, ಹೆದರಿಕೆ, ವಯಸ್ಸು ಎಲ್ಲಕ್ಕೂ ಇದೇ ಕ್ರಿಯಾಪದ. ‘ಉಳ್ಳ’ ಎಂಬರ್ಥದ ಸಾಮಾನ್ಯ ಸಕರ್ಮಕ ಕ್ರಿಯಾಪದ ಕನ್ನಡದಲ್ಲಿಲ್ಲ. ‘ನನಗೆ ಇಬ್ಬರು ಮಕ್ಕಳು’, ‘ನನ್ನ ಹತ್ತಿರ ರೊಕ್ಕ ಅದ’ ಎನ್ನುತ್ತೇವೆ. ಮರಾಠಿಯೂ ‘ಮಲಾ ಭೂಕ್ ಲಾಗಲೀ’ ಎಂದು ಚತುರ್ಥಿಯ ಕಡೆಗೇ ವಾಲುತ್ತದೆ. ಕನ್ನಡಿಗರಿಗೆ ಎಚ್ಚರಿಕೆ ಬೇಕಾದದ್ದು ಇಲ್ಲಿ. ಇಂಗ್ಲಿಷ್ ಮೂಲದ ಪುಸ್ತಕ ಇಲ್ಲಿ ಒಂದು ಚೌಕದ ಪಟ್ಟಿ ಕೊಟ್ಟು ಮುಂದೆ ಹೋಗುತ್ತದೆ.

ಭೂತಕಾಲದ ಪಾಠ ಇನ್ನೂ ಕುತೂಹಲಕರ. ಮಾತನಾಡುವುದು, ತಿನ್ನುವುದು ಮುಂತಾದ ಕ್ರಿಯೆಗಳಿಗೆ ‘ಉಳ್ಳ’ ಸಹಾಯಕ ಕ್ರಿಯಾಪದ. ಬರುವುದು, ಹೋಗುವುದು ಮುಂತಾದವಕ್ಕೆ ‘ಇರು’. ‘ಸೋನೊ ವೆನೂತೊ’ ಎಂಬುದು ‘ಬಂದು ಇದ್ದೇನೆ’ಯಂತೆ, ಧಾರವಾಡದಲ್ಲಿ ‘ಬಂದೇನಿ’. ‘ಹೋಗ್ಯಾನ, ಹೋಗ್ಯಾಳ, ಆಗೇದ’ ಎಂಬ ಸಂಕುಚಿತ ರೂಪಗಳಲ್ಲಿ ‘ಇರು’ ಬಹುತೇಕ ಪ್ರತ್ಯಯವಾಗಿ ಕರಗಿದೆ; ವರ್ತಮಾನಕ್ಕೆ ಅಂಟಿಕೊಂಡ ಭೂತ ಎಂಬ ಅರ್ಥ ಮಾತ್ರ ಸ್ಪಷ್ಟವಾಗಿ ಉಳಿದಿದೆ. ಹೊತ್ತುಗೊತ್ತಿಲ್ಲದೆ ‘ಬಂದೆ’ ಎಂದುಬಿಡುವ ಶಿಷ್ಟ ಬರಹಕ್ಕಿಂತ ಇಲ್ಲಿನ ಮಾತು ಈ ಭೇದವನ್ನು ಚೆನ್ನಾಗಿ ಕಾಪಾಡಿದೆ. ತಿರುಳ್ಗನ್ನಡದ ನಾಡಿನವರು ತಮ್ಮ ಮಾತನ್ನು ಅಶುದ್ಧವೆಂದು ತರಗತಿಯ ಹೊರಗೆ ಬಿಟ್ಟು ಬಂದರೆ ಈ ನೆರವೂ ಹೊರಗೇ ಉಳಿಯುತ್ತದೆ.

ಆದರೆ ಹೇಳುವವಳು ಹೆಣ್ಣಾದರೆ ಇಟಾಲಿಯನ್ನಿನಲ್ಲಿ ‘ಸೋನೊ ವೆನೂತ’. ಕನ್ನಡ ಪ್ರಥಮಪುರುಷದಲ್ಲಿ ಬಂದಾನ-ಬಂದಾಳ ಎಂದು ಲಿಂಗ ತೋರಿಸಿದರೂ ಉತ್ತಮಪುರುಷದಲ್ಲಿ ಎಲ್ಲರೂ ‘ಬಂದೇನಿ’. ಇಲ್ಲಿ ಹುಬ್ಬಳ್ಳಿ-ಧಾರವಾಡದ ಇನ್ನೊಂದು ಆಸ್ತಿ ಕೆಲಸಕ್ಕೆ ಬರುತ್ತದೆ. ಮರಾಠಿ ಬಲ್ಲವರಿಗೆ ‘ಮೀ ಆಲೋ, ಮೀ ಆಲೇ’ ಗೊತ್ತು. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬೆಳೆದವರಿಗೆ ಉರ್ದುವಿನ ‘ಆಯಾ, ಆಯೀ’ ಗೊತ್ತು. ನಾಮಪದದ ಲಿಂಗಕ್ಕೂ ಇದೇ ಮಾತು. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ. ಸಂಸ್ಕೃತದಲ್ಲಿ ಹೆಂಡತಿಗೆ ‘ದಾರ’ ಪುಲ್ಲಿಂಗ, ‘ಕಲತ್ರ’ ನಪುಂಸಕ, ನದಿ ಸ್ತ್ರೀಲಿಂಗ. ಇವು ಕನ್ನಡಕ್ಕೆ ಬಂದೊಡನೆ ಆ ಹಂಗು ಕಳಚಿಕೊಂಡವು. ಹೀಗೆ ಶತಮಾನಗಳ ಹಿಂದೆಯೇ ಬಿಟ್ಟುಕೊಟ್ಟದ್ದನ್ನು ‘ಲ ಕಾಸ’, ‘ಇಲ್ ಲೀಬ್ರೊ’ಗಳಿಗಾಗಿ ಮತ್ತೆ ಕಲಿಯಬೇಕು. ಅದರಲ್ಲಿಯೂ ‘ಇಲ್ ಫ್ಯೋರೆ’, ‘ಲ ಕ್ಯಾವೆ’ ಎಂದು ಎ-ಕಾರಾಂತಗಳು ಎರಡೂ ಕಡೆ ಹಂಚಿಹೋಗಿರುವಾಗ ಬಾಯಿಪಾಠವೇ ದಾರಿ. ಗೇರುಸೊಪ್ಪೆಯ ಹುಡುಗರ ಕ್ರಮ ಇಲ್ಲಿ ಹಳತಾಗಿಲ್ಲ.

ಗೌರವವಾಚಕದ ಬಗ್ಗೆ ಒಂದು ಮಾತು. ಎದುರಿಗಿರುವವರನ್ನು ‘ಲೇಯ್’ ಎಂದು ಪ್ರಥಮಪುರುಷ ಏಕವಚನದಲ್ಲಿ ಕರೆಯುವುದು ನಮಗೆ ವಿಚಿತ್ರ. ನಮ್ಮ ಗೌರವ ಬಹುವಚನದಲ್ಲಿದೆ, ಧಾರವಾಡದಲ್ಲಿ ಮೇಲೊಂದು ‘ರೀ’. 1938ರಲ್ಲಿ ಫ್ಯಾಸಿಸ್ಟ್ ಸರಕಾರ ‘ಲೇಯ್’ ಬದಲು ಬಹುವಚನದ ‘ವೋಯ್’ ಬಳಸಬೇಕೆಂದು ಕಟ್ಟಳೆ ಮಾಡಿತು. ಆಡಳಿತ ಬಿದ್ದ ಮೇಲೆ ಕಟ್ಟಳೆಯೂ ಬಿತ್ತು.

ಇಂಗ್ಲಿಷಿನ ಮಧ್ಯಸ್ಥಿಕೆ ಎಲ್ಲ ಕಡೆ ತೊಡಕೆಂದು ನಾವು ಹೇಳುತ್ತಿಲ್ಲ. ಆರ್ಟಿಕಲ್‌ಗಳ ವಿಷಯದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಬರಿಗೈಯಲ್ಲಿ ನಿಲ್ಲುತ್ತವೆ. ಮುಂದಿನ ಧ್ವನಿಯನ್ನು ನೋಡಿ ‘ಇಲ್’ ಅಥವಾ ‘ಲೊ’ ಆರಿಸುವ ನಿಯಮವನ್ನು ವಿವರಿಸಲು ಇಂಗ್ಲಿಷಿನ ‘ಎ’ ಮತ್ತು ‘ಆನ್’ಗಳೇ ಸುಲಭದ ಉದಾಹರಣೆ. ಎಲ್ಲಿ ಯಾವ ಭಾಷೆಯನ್ನು ಆಸರೆಯಾಗಿ ಬಳಸಬೇಕೆಂಬುದು ಪಾಠದಿಂದ ಪಾಠಕ್ಕೆ ಬದಲಾಗಬೇಕು. ಇದರಿಂದ ನಮ್ಮ ಪ್ರಸ್ತಾವಕ್ಕೇ ಒಂದು ಗಂಭೀರ ಆಕ್ಷೇಪ ಹುಟ್ಟುತ್ತದೆ. ಲಿಂಗದ ಪಾಠವನ್ನು ಮರಾಠಿಯ ಆಸರೆಯಿಂದ, ಭೂತಕಾಲದ ಪಾಠವನ್ನು ‘ಬಂದೇನಿ’ಯ ಆಸರೆಯಿಂದ ಬರೆದರೆ ಆ ಪುಸ್ತಕ ಧಾರವಾಡ, ಬೆಳಗಾವಿಗಳಿಗೆ ಹೊಂದೀತು, ಚಾಮರಾಜನಗರದ ವಿದ್ಯಾರ್ಥಿಗೆ ಮರಾಠಿಯೂ ಇಲ್ಲ, ‘ಬಂದೇನಿ’ಯೂ ಇಲ್ಲ, ಪಕ್ಕದಲ್ಲಿರುವುದು ತಮಿಳು. ಕಾಸರಗೋಡಿನವರಿಗೆ ಮಲಯಾಳ ಮತ್ತು ತುಳು ಇವೆ. ಮಲಯಾಳದಲ್ಲಿ ಕ್ರಿಯಾಪದ ಪುರುಷಕ್ಕೆ ಹೊಂದಿಕೊಳ್ಳುವುದೇ ಇಲ್ಲ. ಕನ್ನಡದ ಮೂಲಕ ಇಟಾಲಿಯನ್ ಎಂಬುದು ಒಂದೇ ಪುಸ್ತಕವಾಗಲಾರದು. ಶಿಷ್ಟ ಕನ್ನಡವನ್ನು ಎಲ್ಲರಿಗೂ ಸಮಾನವಾದ ಆಸರೆಯೆಂದು ಇಟ್ಟುಕೊಂಡರೆ, ಅಲ್ಬೆರ್ತಿಯ ಆರು ವಿಭಕ್ತಿಗಳಂತೆ, ನಾವೂ ಯಾರ ಬಾಯಲ್ಲೂ ಇಲ್ಲದ ಒಂದು ಮೂರನೆಯ ಭಾಷೆಯನ್ನು ನಡುವೆ ನಿಲ್ಲಿಸಿದಂತಾಗುತ್ತದೆ.